ಅಂಗಾಲಿನ ಸುಣ್ಣ

“ನಾಕನೇ ತಪ್ಪು, ನಿನ್ನ ಸೀಟಿ,” ಎಂದು ಬುರಾನಸಾಬ ಮಾಸ್ತರರು ಡೈರಿಯ ಹಾಳೆ ತಿರುವಿದರು. “ನೀ ಸೀಟಿ ಊದಿದರ ಅಳೂ ಕೂಸಿಗೆ ಸಮಾಧಾನ ಮಾಡಿದಂಗ ಆಗತೈತಿ, ತಂಗಿ. ಹುಡುಗೂರು ಹೆದರಬೇಕು.”

ಸವದತ್ತಿಯ ಮೈದಾನದಂಚಿನ ಬೇವಿನ ಮರದ ಕೆಳಗೆ ಗಂಗಾ ತಲೆ ತಗ್ಗಿಸಿ ನಿಂತಿದ್ದಳು. ಬೈಲಹೊಂಗಲದ ಶಾಲೆಯೊಂದಕ್ಕೆ ಪಿ.ಟಿ. ಟೀಚರಾಗಿ ಬಂದು ಒಂದು ವರ್ಷವಾಗಿತ್ತು. ಕಬಡ್ಡಿ ಅಂಪೈರ್ ಪರೀಕ್ಷೆ ಪಾಸಾಗಿ ಎರಡು ತಿಂಗಳು. ೧೯೯೭ರ ಈ ಪಂದ್ಯಾವಳಿ ಮುಗಿದ ಮೇಲೆ ಮಾಸ್ತರರು ಅವಳ ಕಾಗದದ ಮೇಲೆ ‘ಅಡ್ಡಿಯಿಲ್ಲ’ ಎಂದು ಬರೆದು ಸಹಿ ಹಾಕಿದರಷ್ಟೇ ಜಿಲ್ಲಾ ಪಂದ್ಯಗಳಿಗೆ ಅವಳ ಹೆಸರು ಹೋಗುತ್ತಿತ್ತು. ಕಿತ್ತೂರಿನ ಈ ಮಾಸ್ತರರು ಇಪ್ಪತ್ತಾರು ವರ್ಷ ಸೀಟಿ ಊದಿದವರು. ಅವರ ಸಹಿ ಬೇಕೆನ್ನುವವರು ಮೊದಲು ತಪ್ಪುಗಳ ಪಟ್ಟಿಯನ್ನು ಪೂರ್ತಿ ಕೇಳಬೇಕಿತ್ತು, ಅದೂ ನಿಂತುಕೊಂಡು. ಕುರ್ಚಿ ಅವರಿಗೆ ಮಾತ್ರ.

ಏಳನೆಯದಕ್ಕೆ ಬಂದಾಗ ಅವರು ದನಿ ತಗ್ಗಿಸಿದರು. “ಇದು ಪುಸ್ತಕದಾಗ ಇಲ್ಲ. ಗೆರಿ ದಾಟ್ಯಾನೋ ಇಲ್ಲೋ ಅಂತ ಅನುಮಾನ ಬಂತಂದ್ರ ಕಾಲ ಎತ್ತಸು. ಅಂಗಾಲಿಗೆ ಸುಣ್ಣ ಹತ್ತಿತ್ತಂದ್ರ ಔಟ್. ಇಲ್ಲೀತನಕ ಒಬ್ಬರೂ ಜಗಳಾ ತಗದಿಲ್ಲ.”

ಜಗಳ ಬರದೇ ಇರುವುದಕ್ಕೆ ಅವರ ಮೀಸೆಯೂ ಸ್ವಲ್ಪ ಕಾರಣವಿದ್ದೀತು. ಗಂಗಾ ಅದನ್ನು ಹೇಳದೆ, “ಹೂನ್ರಿ ಸರ,” ಎಂದಳು.

ಸವದತ್ತಿ ಮತ್ತು ತೊರಗಲ್ಲಿನ ತಂಡಗಳ ಫೈನಲ್ಲಿಗೆ ಮಾಸ್ತರರೇ ರೆಫರಿ, ಗಂಗಾ ಒಂದು ಬದಿಯ ಅಂಪೈರ್. ಗೆರೆಗಳಿಗೆ ಆಗಷ್ಟೇ ಸುಣ್ಣದ ಪುಡಿ ಹಾಕಿದ್ದರು. ಮಾಸ್ತರರು ಆ ಗೆರೆಗಳ ಮೇಲೆಯೇ ಓಡಾಡುತ್ತ, ದಾಳಿ ಮುಗಿದಾಗಲೆಲ್ಲ ಅಂಕಣದ ನಡುವೆ ಬಂದು ಎರಡೂ ತಂಡಗಳಿಗೆ ಬುದ್ಧಿ ಹೇಳುತ್ತಿದ್ದರು. ಅವರು ಹೋದಲ್ಲೆಲ್ಲ ಕ್ಯಾನ್ವಾಸ್ ಬೂಟಿನ ಬಿಳಿ ಹೆಜ್ಜೆಗಳು ಬೀಳುತ್ತಿದ್ದವು. ಮೊದಲರ್ಧ ಮುಗಿಯುವ ಮೊದಲೇ ಗಂಗಾ ಇದನ್ನು ನೋಡಿದಳು. ಹೇಳಬೇಕೆಂದುಕೊಂಡವಳು ಸಹಿ ನೆನಪಾಗಿ ಸುಮ್ಮನಾದಳು.

ಕೊನೆಯ ದಾಳಿಗೆ ಎರಡೂ ಕಡೆ ಹದಿನೆಂಟು ಅಂಕ. ತೊರಗಲ್ಲಿನ ಕಲ್ಮೇಶ ಒಬ್ಬನನ್ನು ಮುಟ್ಟಿ ಗಂಗಾಳ ಬದಿಯಿಂದಲೇ ಓಡಿ ನಡುಗೆರೆ ಸೇರಿದ. ಸವದತ್ತಿಯವರು ಅವನು ಹೊರಗೆರೆ ದಾಟಿದನೆಂದು ಕೂಗಿದರು. ಗಂಗಾ ಇಲ್ಲವೆಂದು ಕೈಯಾಡಿಸಿದಳು. ಅಷ್ಟರಲ್ಲಿ ಮಾಸ್ತರರು ಬಂದೇ ಬಿಟ್ಟಿದ್ದರು.

“ಕಾಲ ಎತ್ತು.”

ಕಲ್ಮೇಶ ಬರಿಗಾಲೆತ್ತಿದ. ಅಂಗಾಲು ಬೆಳ್ಳಗಿತ್ತು. ಮಾಸ್ತರರು ಸೀಟಿ ಊದಿ ಔಟ್ ಕೊಟ್ಟರು.

“ಟೀಚರ್, ನೀವು ಇಲ್ಲೇ ನಿಂತಿದ್ರೆಲ್ಲರಿ,” ಎಂದ ಕಲ್ಮೇಶ. ಅವನ ಕಣ್ಣು ತುಂಬಿತ್ತು. ಗಂಗಾಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಅವಳು ಸೀಟಿ ಊದಿದಳು. ಅದರಿಂದ ಯಾವ ಕೂಸಿಗೂ ಸಮಾಧಾನವಾಗುವಂತಿರಲಿಲ್ಲ. ಗೇಟಿನ ಬಳಿಯ ಚಹದ ಮಾಳಪ್ಪನೂ ತಿರುಗಿ ನೋಡಿದ.

“ಸರ, ನಿಮ್ಮ ಕಾಲ ಎತ್ರಿ.”

ಮಾಸ್ತರರು ಅವಳನ್ನೇ ದಿಟ್ಟಿಸಿದರು. ಮಾಡಿದ ಕಾಯಿದೆ ತಮ್ಮದೇ ಆದ್ದರಿಂದ ಕಲ್ಮೇಶನ ಹೆಗಲು ಹಿಡಿದು ಒಂದು ಕಾಲೆತ್ತಿದರು. ಬೂಟಿನ ತಳದಲ್ಲಿ ಒಂದು ಗೆರೆಗೆ ಸಾಲುವಷ್ಟು ಸುಣ್ಣವಿತ್ತು. ಇನ್ನೊಂದನ್ನೂ ಎತ್ತಿದರು. ಆಮೇಲೆ ಅಂಕಣದ ತುಂಬ ಬಿದ್ದಿದ್ದ ಬಿಳಿ ಹೆಜ್ಜೆಗಳನ್ನು, ಅವುಗಳ ಮೇಲೆ ಮೂಡಿದ್ದ ಹುಡುಗರ ಬರಿಗಾಲಿನ ಗುರುತುಗಳನ್ನು ಒಂದೊಂದಾಗಿ ನೋಡಿದರು.

“ಈ ಲೆಕ್ಕದಾಗ ನಾ ಮಧ್ಯಾಹ್ನದಿಂದ ಔಟ್ ಅದೇನಿ,” ಎಂದರು. ಮೊದಲು ನಕ್ಕವರು ಸವದತ್ತಿಯವರೇ. ಅಂಕ ತೊರಗಲ್ಲಿಗೆ ಹೋಯಿತು.

ಬೇವಿನ ಮರದ ಕೆಳಗೆ ಮತ್ತೆ ಡೈರಿ ತೆರೆಯಿತು. “ಎಂಟನೇ ತಪ್ಪು. ನನ್ನ ಬೂಟ ಯಾವಾಗ ನೋಡಿದಿ?”

“ಫಸ್ಟ್ ಹಾಫಿನಾಗರಿ.”

“ಆವಾಗ ಯಾಕ ಹೇಳಲಿಲ್ಲ?”

ಇನ್ನು ಮುಚ್ಚಿಟ್ಟು ಫಲವಿಲ್ಲವೆನಿಸಿತು. “ನಿಮ್ಮ ಸಹಿ ಬೇಕಾಗಿತ್ರಿ, ಸರ.”

ಮಾಸ್ತರರು ಎಂಟನೆಯದನ್ನು ಬರೆದುಕೊಂಡರು. ಆಮೇಲೆ ಅವಳ ಕಾಗದ ತೆಗೆದು ‘ಅಡ್ಡಿಯಿಲ್ಲ’ ಎಂದು ಬರೆದು ಸಹಿ ಹಾಕಿದರು. ಎದ್ದು ಕುರ್ಚಿಯನ್ನು ಅವಳ ಕಡೆ ಸರಿಸಿದರು.

“ಕುಂತಗೋ. ಡೈರಿ ಹಿಡಿ. ಈಗ ನಂದು ಬರಿ. ಒಂದ ಬರದು ನಿಲ್ಲಸಬ್ಯಾಡ, ಬಸ್ಸಿಗೆ ಇನ್ನೂ ಟೈಮ್ ಐತಿ.”

ಗಂಗಾ ಅಂಜುತ್ತಲೇ ಕುಳಿತಳು. ಮೊದಲನೆಯದನ್ನು ಹೇಳಲು ಬಹಳ ಹೊತ್ತು ಬೇಕಾಯಿತು, ಎರಡನೆಯದಕ್ಕೆ ಅಷ್ಟು ಬೇಕಾಗಲಿಲ್ಲ. ಕಿತ್ತೂರಿನ ಬಸ್ಸು ಹಾರ್ನ್ ಹಾಕುತ್ತ ಮೈದಾನದ ಪಕ್ಕದಲ್ಲೇ ಹಾದುಹೋಯಿತು. ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಿಂತಿದ್ದ ಮಾಸ್ತರರು ಅತ್ತ ತಿರುಗಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, “ಐದನೇದು?” ಎಂದರು.