ಐದು ನಿಮಿಷದ ಗಂಟೆ

ನಾನೊಂದು ಮೇಜಿನ ಗಂಟೆ. ಕವುಚಿಟ್ಟ ಅರ್ಧ ತೆಂಗಿನಕಾಯಿಯಷ್ಟು ಗಾತ್ರ, ನೆತ್ತಿಯ ಮೇಲೊಂದು ಗುಂಡಿ. ಒತ್ತಿದರೆ ಟಿಣ್ ಎನ್ನುತ್ತೇನೆ. ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹಿತ್ತಾಳೆ ಕರಗಿಸಿ ನನ್ನನ್ನು ಎರಕ ಹೊಯ್ದರು. ನನ್ನ ಜೊತೆ ಹುಟ್ಟಿದ ಹನ್ನೊಂದು ಗಂಟೆಗಳ ದನಿ ಇಂಪಾಗಿತ್ತು, ನನ್ನದು ಕರ್ಕಶ. ಹಾಗಂತ ನಾನೇನೂ ಬೇಸರಪಟ್ಟುಕೊಳ್ಳಲಿಲ್ಲ. ಇಂಪಾಗಿ ಹೇಳಿದರೆ ಯಾರು ಕೇಳುತ್ತಾರೆ?

ಮೊದಲು ನಾನು ಸೇರಿದ್ದು ಒಬ್ಬ ಕಣ್ಣಿನ ಡಾಕ್ಟರರ ದವಾಖಾನೆ. ಅಲ್ಲಿ ನಾನು ಕೂಗಿದರೆ ‘ಮುಂದಿನವರು ಒಳಗೆ ಬನ್ನಿ’ ಎಂದರ್ಥ. ಡಾಕ್ಟರರು ವಯಸ್ಸಾಗಿ ದವಾಖಾನೆ ಮುಚ್ಚಿದಾಗ ಬೆಂಚು, ಸ್ಟೂಲುಗಳ ಜೊತೆ ನನ್ನನ್ನೂ ಮಾರಿದರು. ಕಚೇರಿಗೆಂದು ಕೊಂಡವರು ಗುರುಪಾದಪ್ಪ. ವಿದ್ಯುತ್ ದರ ನಿಗದಿ ಮಾಡುವ ಆಯೋಗದಲ್ಲಿ ಅವರು ಗುಮಾಸ್ತರು. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿದ ತಲೆ, ಮಾತು ಕಡಿಮೆ.

ವಿದ್ಯುತ್ ಮಾರುವ ಕಂಪನಿ ತನಗೆ ತೋಚಿದಷ್ಟು ದರ ಏರಿಸುವಂತಿಲ್ಲ. ಆಯೋಗದ ಮುಂದೆ ಬಂದು, ನಮಗಿಷ್ಟು ಖರ್ಚು ಬರುತ್ತದೆ, ಇಷ್ಟು ಏರಿಸಲು ಬಿಡಿ ಎಂದು ಅರ್ಜಿ ಹಾಕಬೇಕು. ಆಯೋಗದವರು ಊರೂರಿಗೆ ಹೋಗಿ ಜನರ ಮಾತನ್ನೂ ಕೇಳಿ, ಇದಕ್ಕಿಂತ ಮೇಲೆ ಹೋಗಕೂಡದು ಎಂದು ಗೆರೆ ಎಳೆಯುತ್ತಾರೆ. ದರಕ್ಕೆ ಮಿತಿ ಹಾಕುವವರು ಅವರಾದರೆ, ಮಾತಿಗೆ ಮಿತಿ ಹಾಕುವ ಕೆಲಸ ನನ್ನದು. ಒಬ್ಬರಿಗೆ ಐದು ನಿಮಿಷ. ಗುರುಪಾದಪ್ಪನವರು ಗಡಿಯಾರ ನೋಡಿ ನನ್ನ ನೆತ್ತಿ ಒತ್ತಿದರೆ ಎಂಥ ವಕೀಲನೂ ಬಾಯಿ ಮುಚ್ಚಿಕೊಂಡು ಕೂರಬೇಕು. ಅದೇನು ಗತ್ತು ನನ್ನದು! ಮೇಜಿನ ಮೇಲೆ ಅಧ್ಯಕ್ಷರ ಹೆಸರಿನ ಫಲಕವಿತ್ತು, ನೀರಿನ ಬಾಟಲಿ ಇತ್ತು, ಆದರೂ ಎಲ್ಲರೂ ಹೆದರುತ್ತಿದ್ದುದು ನನಗೇ. ಯಾರು ಏನು ಹೇಳಿದರು ಎಂಬ ಉಸಾಬರಿ ನನಗಿರಲಿಲ್ಲ.

ಹೀಗಿರುವಾಗ ಒಂದು ವರ್ಷ ಗದಗಿನಲ್ಲಿ ಸಭೆ ಸೇರಿತು. ಆ ಸಲ ಕಂಪನಿ ಏರಿಸಲು ಕೇಳಿದ್ದು ನಿಗದಿತ ಶುಲ್ಕವನ್ನು. ದೀಪ ಉರಿಸಿದರೂ ಉರಿಸದಿದ್ದರೂ ಪ್ರತಿ ಮನೆಯವರು ತಿಂಗಳು ತಿಂಗಳು ಕಟ್ಟುವ ಹಣ ಅದು. ಅದನ್ನು ದುಪ್ಪಟ್ಟು ಮಾಡಬೇಕೆಂದು ಅರ್ಜಿ. ಅಂಕಿ ಅಂಶ ಹಿಡಿದು ಬಂದವರೆಲ್ಲ ಮಾತಾಡಿ ಮುಗಿಸಿದ ಮೇಲೆ ಕೊನೆಗೆ ಒಬ್ಬ ಹೆಂಗಸು ಎದ್ದು ಬಂದಳು. ಅರುವತ್ತರ ಆಸುಪಾಸು, ಇಳಕಲ್ ಸೀರೆ, ತುಂಬು ತೋಳಿನ ಗಟ್ಟಿ ಆಳು. ಹೆಸರು ಫಕೀರವ್ವ, ಊರು ಬೆಟಗೇರಿ.

“ನಾ ಬಾಣಂತನ ಮಾಡಾಕಿ ರೀ ಸಾಹೇಬರ. ಕೂಸು ಹುಟ್ಟಿದ ಮನ್ಯಾಗ ಮೂರು ತಿಂಗಳು ಅಲ್ಲೇ ಇದ್ದು, ತಾಯಿಗೂ ಕೂಸಿಗೂ ನೀರು ಎರಿತೀನಿ. ಒಂದು ಮನಿ ಮುಗೀತಂದ್ರ ಇನ್ನೊಂದು ಮನಿ. ನಮ್ಮನಿಗೆ ವರ್ಷದಾಗ ಹತ್ತು ತಿಂಗಳು ಕೀಲಿ. ಲೈಟು ಹತ್ತಾಂಗಿಲ್ಲ, ಫ್ಯಾನು ತಿರುಗಾಂಗಿಲ್ಲ, ಬಿಲ್ಲು ಮಾತ್ರ ತಪ್ಪಾಂಗಿಲ್ಲ. ಈಗ ಅದೂ ದುಪ್ಪಟ್ಟು ಅಂದ್ರ ಮೀಟರ್ ತಗಸೂದ ಸೈ. ಕೈಕಾಲು ಸೋತ ಮ್ಯಾಲೆ ನಾ ಹೋಗಿ ಬೀಳೂದು ಅದ ಮನಿಗೆ. ಆಗ ಕತ್ತಲ್ದಾಗ ಕುಂದ್ರಲೇನ್ರಿ?”

ಯಾವ ಮನೆಯಲ್ಲಿ ಎಂಥ ಕೂಸು, ಯಾವ ಓಣಿಯಲ್ಲಿ ಎಷ್ಟು ಕಂಬ ಎಂದೆಲ್ಲ ಸುತ್ತಿ ಬರುವಷ್ಟರಲ್ಲಿ ಐದು ನಿಮಿಷ ಮುಗಿಯಿತು. ಗುರುಪಾದಪ್ಪ ಗುಂಡಿ ಒತ್ತಿದರು. ನಾನು ಗಂಟಲು ಹರಿಯುವಂತೆ ಟಿಣ್ ಎಂದೆ.

ಫಕೀರವ್ವ ಮಾತು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅಳುವ ಕೂಸುಗಳನ್ನು ಸಂತೈಸಿದ ನಲವತ್ತು ವರ್ಷದ ಅಭ್ಯಾಸಬಲ ನೋಡಿ, ಆ ದೊಡ್ಡ ಅಂಗೈ ತಾನಾಗಿ ಬಂದು ನನ್ನ ಮೈಮೇಲೆ ಕೂತಿತು. “ತಡಿ ನನ ಕೂಸ, ಬಂದೆ” ಎಂದಳು. ನನ್ನ ದನಿ ಅಲ್ಲೇ ಅಡಗಿತು.

ಸಭೆಗೆ ಸಭೆಯೇ ನಕ್ಕಿತು. ಅಧ್ಯಕ್ಷರೂ ನಕ್ಕು, “ಪರವಾಗಿಲ್ಲಮ್ಮ, ಮುಂದುವರಿಸಿ” ಎಂದರು. ನನಗೆ ಮಾತ್ರ ಎಲ್ಲಿಲ್ಲದ ಅವಮಾನ. ಆದರೆ ಏನು ಮಾಡಲಿ, ಆ ಕೈ ಬೆಚ್ಚಗಿತ್ತು. ಮೊದಲ ಸಲ ನಾನು ಒಬ್ಬರ ಮಾತನ್ನು ಕಿವಿಗೊಟ್ಟು ಕೇಳಿದೆ.

ಕಂಪನಿಯ ಎಂಜಿನಿಯರ್ ದಿವಟಗಿ ಸಾಹೇಬರು ಕೆಟ್ಟವರಲ್ಲ. ಎದ್ದು ನಿಂತು ಮೆತ್ತಗೆ ಹೇಳಿದರು: “ಯವ್ವಾ, ನೀವು ಮನಿಗೆ ಬಂದ ದಿನ ಲೈಟ್ ಹತ್ತಬೇಕಂದ್ರ ಕಂಬ, ತಂತಿ ವರ್ಷಪೂರ್ತಿ ನಿಂತಿರಬೇಕಲ್ಲ? ಅದಕ್ಕೂ ಖರ್ಚು ಐತಿ.”

“ಖರೇ ಐತ್ರಿ,” ಎಂದಳು ಫಕೀರವ್ವ. “ನನಗೂ ಬಸುರಿಗೆ ಏಳು ತುಂಬಿದಾಗ ಎಲಿ ಅಡಕಿ ಕೊಟ್ಟು, ಹೆರಿಗಿ ಹೊತ್ತಿಗೆ ನೀನ ಬರಬೇಕು ಅಂತ ಹಿಡಿದಿಡತಾರ. ಆಮ್ಯಾಲೆ ನಾ ಬ್ಯಾರೆ ಮನಿ ಒಪ್ಪಾಂಗಿಲ್ಲ. ಆದ್ರ ಎಲಿ ಅಡಕಿ ಅಂದ್ರ ಎಲಿ ಅಡಕಿನ. ಕೂಲಿ ಇಸ್ಕೊಳ್ಳೂದು ಕೂಸಿಗೆ ಎರೆದ ಮ್ಯಾಲೆ. ನೀವೂ ಎಲಿ ಅಡಕಿ ಇಸ್ಕೋರಿ, ನಾ ಒಲ್ಲೆ ಅನ್ನಾಂಗಿಲ್ಲ. ಎರೀಲಾರದ ಕೂಸಿಗೆ ಕೂಲಿ ಕೇಳಬ್ಯಾಡ್ರಿ.”

ಯಾರೂ ನಗಲಿಲ್ಲ. ಅಧ್ಯಕ್ಷರು ಏನನ್ನೋ ಬರೆದುಕೊಂಡರು. ಸಭೆ ಮುಗಿದ ಮೇಲೆ ಗುರುಪಾದಪ್ಪ ಆಕೆಯ ಹಿಂದೆಯೇ ಬಾಗಿಲವರೆಗೆ ಹೋಗಿ ವಿಳಾಸ ಕೇಳಿ ಬರೆದುಕೊಂಡರು. ಅವರ ಮಗಳು ಸುಮಿತ್ರಾ ಆಗ ಏಳು ತಿಂಗಳ ಬಸುರಿ.

ಎರಡು ತಿಂಗಳಿಗೆ ಆದೇಶ ಬಂತು. ಗುರುಪಾದಪ್ಪ ನನ್ನ ಪಕ್ಕದಲ್ಲೇ ಕೂತು ಅದನ್ನು ಓದಿದರು. ದೊಡ್ಡ ಮನೆಗಳ ಶುಲ್ಕ ತುಸು ಏರಿತ್ತು, ಕಂಪನಿ ಕೇಳಿದಷ್ಟಲ್ಲ. ಫಕೀರವ್ವನ ಮನೆಯಂಥ, ಒಂದು ಕಿಲೋವ್ಯಾಟಿನ ಸಣ್ಣ ಮನೆಗಳದ್ದು ಇದ್ದಲ್ಲೇ ಇರತಕ್ಕದ್ದು ಎಂದಿತ್ತು. ‘ಸಂಪರ್ಕವನ್ನು ಕಾದಿರಿಸಿದ್ದಕ್ಕೆ ಸಲ್ಲುವ ಮೊತ್ತವು ಬಳಕೆಯ ಬೆಲೆಗೆ ಸಮನಾಗಕೂಡದು’ ಎಂಬ ಒಂದು ಸಾಲೂ ಇತ್ತು. ಎಲೆ ಅಡಿಕೆಗೆ ಕೋಟು ತೊಡಿಸಿದರೆ ಹೀಗೆ ಕಾಣುತ್ತದೆ. ಗುರುಪಾದಪ್ಪ ಆ ಸಾಲನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು.

ಮರುವರ್ಷ ಆಯೋಗಕ್ಕೆ ಕೆಂಪು ಅಂಕಿಗಳ ಗಡಿಯಾರ ಬಂತು, ನನ್ನ ಕೆಲಸ ಹೋಯಿತು. ಅಧ್ಯಕ್ಷರನ್ನು ಕೇಳಿ ಗುರುಪಾದಪ್ಪ ನನ್ನನ್ನು ಮನೆಗೆ ಒಯ್ದರು. ಸುಮಿತ್ರಾಳ ಮೊದಲ ಬಾಣಂತನ ಮಾಡಿದ್ದ ಫಕೀರವ್ವನೇ ಒಂದೆರಡು ವರ್ಷದ ಮೇಲೆ ಎರಡನೆಯದಕ್ಕೂ ಬಂದಳು. ಮೂರು ತಿಂಗಳು ಮುಗಿಸಿ ಹೊರಟ ದಿನ ಸೀರೆ ಉಡಿಸಿ, ಇನ್ನೇನು ಬೇಕು ಎಂದು ಕೇಳಿದರೆ ನನ್ನತ್ತ ಬೆರಳು ತೋರಿಸಿ, “ಈ ಅಳಬುರುಕ ಕೂಸು ಕೊಡ್ರಿ” ಎಂದಳು.

ಬೆಟಗೇರಿಗೆ ಬಂದಾಗ ಸಂಜೆಯಾಗಿತ್ತು. ಇದೇ ಕಡೆಯ ಬಾಣಂತನ, ಇನ್ನು ಸಾಕು ಎಂದು ದಾರಿಯಲ್ಲೇ ತನಗೆ ತಾನೇ ಹೇಳಿಕೊಂಡಿದ್ದಳು. ಕೀಲಿ ತೆಗೆದು, ಗಂಟು ಇಳಿಸಿ, ನನ್ನನ್ನು ಗೂಡಿನಲ್ಲಿಟ್ಟಳು. ಒಳಗೆ ಕತ್ತಲು. ಗೋಡೆ ತಡವಿ ಸ್ವಿಚ್ಚು ಒತ್ತಿದಳು, ದೀಪ ಹತ್ತಿತು.

ಈ ದೀಪಕ್ಕಾಗಿ ಆಡಿದ ಮಾತನ್ನೇ ನಾನು ಅಂದು ಅರ್ಧಕ್ಕೆ ತಡೆಯಲು ಹೋಗಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ನಲವತ್ತು ವರ್ಷ ಮಂದಿ ಮನೆಯ ಬೆಳಕಿನಲ್ಲಿ ದುಡಿದವಳು ತನ್ನ ಮನೆಯ ಬೆಳಕಿನಲ್ಲಿ ಕಾಲು ಚಾಚಿ ಕೂತಳು.