ಅರ್ಧಕ್ಕಿಳಿಸಿದ ನೀರು

"ಹಂದಿ ಮರಿ ಹಾಕ್ದಂಗೆ ಹಾಕ್ತೀರಾ, ಒಂದು ಲೋಟ ನೀರು ಕಾಯ್ಸಿ ಕುಡ್ಸಕ್ಕಾಗಲ್ವೇನೇ ಲೌಡಿ?"

ಧಣಿ ಜಗಲಿಯ ಮೇಲಿಂದಲೇ ಬೈದ. ಅಂಗಳದಲ್ಲಿ ನಿಂತಿದ್ದ ಅಜ್ಜಿ, ಕಾಲುವೆ ತೋಡಿ ತೋಡಿ ಗುದ್ದಲಿ ಅಜ್ಜಿ ಎನಿಸಿಕೊಂಡವಳು, ತಲೆ ಎತ್ತಲಿಲ್ಲ. ಮೊಮ್ಮಗಳನ್ನು ಮಣ್ಣು ಮಾಡಿದ ಮಾರನೆಯ ದಿನ ಅದು.

"ಕಾಯ್ಸಿದ್ದೆ ಧಣಿ."

"ಕಾಯ್ಸಿದ್ರೆ ಯಾಕೆ ಸಾಯ್ತಿತ್ತು? ಕೊಳಕು ಮುಂಡೇವು! ನಾಳೆ ಬಸಿಗಾಲುವೆ ಹೂಳೆತ್ತು, ಹೋಗು."

ಕಾಯಿಸಿದ್ದು ಸುಳ್ಳಲ್ಲ. ಮಗಳು ಹೆತ್ತು ತಿಂಗಳು ತುಂಬುವ ಮೊದಲೇ ಮೇಸ್ತ್ರಿ ಅವಳನ್ನು ಕಳೆ ಕೀಳಲು ಎಳೆದುಕೊಂಡು ಹೋಗಿದ್ದ. "ಮೊಲೆ ಕೊಡಕ್ಕೆ ಅಂತ ಓಡ್ತಾ ಇದ್ರೆ ಕಳೆ ನಿಮ್ಮಪ್ಪ ಕೀಳ್ತಾನಾ?" ಎಂದಿದ್ದ. ಅವಳ ಎದೆಹಾಲು ಹೊಲದಲ್ಲಿ ರವಿಕೆ ತೋಯಿಸುತ್ತಿದ್ದರೆ ಮನೆಯಲ್ಲಿ ಅಜ್ಜಿ ಬಾವಿ ನೀರಿಗೆ ಹಾಲಿನ ಪುಡಿ ಕಲಸುತ್ತಿದ್ದಳು. ಕೂಸಿನ ತುಟಿ, ಉಗುರು ನೀಲಿಗಟ್ಟಿದಾಗ ನೀರಲ್ಲೇ ಏನೋ ಕೊಳೆಯಿದೆಯೆಂದು ಹೆದರಿದಳು. ಕುದಿಸಿ ಕುದಿಸಿ ಅರ್ಧಕ್ಕಿಳಿಸಿ ಕುಡಿಸಿದಳು.

ಮಧ್ಯಾಹ್ನ ಆಸ್ಪತ್ರೆಯವರು ಕಳಿಸಿದ ನೀರು ಪರೀಕ್ಷೆಯವನು ಕೂಲಿಮನೆಗಳ ಬಾವಿಗೆ ಬಂದ. ಸೀಸೆಯ ನೀರಿಗೆ ಏನೋ ಪುಡಿ ಹಾಕಿ ಅಲ್ಲಾಡಿಸಿದ. ನೀರು ಕೆಂಪಾಯಿತು.

"ಗೊಬ್ಬರದ ವಿಷ ಕಣಮ್ಮ, ನೈಟ್ರೇಟು. ಎಳೆಗೂಸುಗಳ ಮೈ ನೀಲಿಗಟ್ಟಿಸೋದು ಇದೇ. ಧಣಿ ಹೊಲದಿಂದ ನೆಲದೊಳಗೇ ಇಳ್ಕೊಂಡು ಬರುತ್ತೆ. ಮೊದ್ಲು ಹೊಲಕ್ಕೂ ಈ ಬಾವಿಗೂ ಮಧ್ಯದಲ್ಲಿ ಜೌಗು ಇತ್ತಂತಲ್ಲ?"

"ಇತ್ತು. ಕಪ್ಪು ಕೆಸರು, ಗಬ್ಬು ನಾತ. ಅದನ್ನೂ ಹೊಲ ಮಾಡ್ಬೇಕು ಅಂದ್ರು, ಕಾಲುವೆ ತೋಡಿ ನೀರು ಬಸಿದ್ವಿ. ನಾನೇ ಮುಂದೆ ನಿಂತು ತೋಡಿದ್ದು."

"ಆ ಗಬ್ಬು ಕೆಸರೇ ನಿಮ್ಮನ್ನ ಕಾಯ್ತಿತ್ತು. ಅದ್ರೊಳಗೆ ಗಾಳಿ ಆಡಲ್ಲ. ಅಲ್ಲಿರೋ ಕಣ್ಣಿಗೆ ಕಾಣದ ಜೀವಗಳು ಗಾಳಿ ಬದಲು ಈ ವಿಷವನ್ನೇ ಉಸಿರಾಡ್ತವೆ, ಅದು ಬರೀ ಗಾಳಿಯಾಗಿ ಮೇಲೆ ಹೋಗ್ಬಿಡುತ್ತೆ. ನೆಲ ಒಣಗ್ತು, ಆ ಕೆಲಸ ನಿಂತ್ಹೋಯ್ತು. ಈಗ ವಿಷ ಸೀದಾ ಬಾವಿಗೆ."

"ನಾನು ಕಾಯ್ಸಿದ್ನಲ್ಲಪ್ಪ?"

ಅವನು ಸೀಸೆ ಒರೆಸಿ ಚೀಲಕ್ಕೆ ಹಾಕಿದ. "ಕಾಯ್ಸಿದ್ರೆ ನೀರು ಆವಿಯಾಗುತ್ತೆ, ವಿಷ ಆಗಲ್ಲ. ಇನ್ನೂ ಗಟ್ಟಿ ಆಗುತ್ತಮ್ಮ."

ಅಜ್ಜಿ ಬಾವಿಯೊಳಗೆ ಬಗ್ಗಿ ನೋಡಿದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ. ತಿಂದವನು ಜಗಲಿಯ ಮೇಲಿದ್ದ, ಕುಡಿದದ್ದು ಹಲ್ಲು ಬಾರದ ಕೂಸು. ಕುಡಿಸಿದ್ದು ತಾನು.

ಒಲೆ ಮುಂದೆ ಕೂತಿದ್ದ ಮಗಳಿಗೆ ಒಂದೂ ಮುಚ್ಚಿಡದೆ ಹೇಳಿದಳು. ಮಗಳು ಅಳಲಿಲ್ಲ, ಬೈಯಲೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಬೈದಿದ್ದರೆ ಅಜ್ಜಿಗೆ ಎಷ್ಟೋ ಹಗುರಾಗುತ್ತಿತ್ತು.

ಬೆಳಿಗ್ಗೆ ಅಜ್ಜಿ ಗುದ್ದಲಿ ಹಿಡಿದು ಬಸಿಗಾಲುವೆಗೆ ಇಳಿದಳು. ಹೂಳೆತ್ತಲಿಲ್ಲ. ನೀರು ನಿಂತು ಮತ್ತೆ ಜೌಗಾಗಲೆಂದು ದಡದ ಮಣ್ಣನ್ನೇ ಎಳೆದೆಳೆದು ಒಳಗೆ ತುಂಬತೊಡಗಿದಳು. ಮೇಸ್ತ್ರಿ ಕೂಗಿಕೊಂಡ. ಧಣಿ ಪಂಚೆ ಎತ್ತಿಕಟ್ಟಿ ಓಡಿಬಂದ.

"ತಲೆ ಕೆಟ್ಟಿದೆಯೇನೇ ಮುಂಡೆ? ನನ್ನ ಹೊಲ ಮುಳುಗಿಸ್ತೀಯಾ? ಕಾಲುವೆ ಮುಚ್ಚಿದ್ರೆ ಸತ್ತಿರೋ ಕೂಸು ಎದ್ದು ಬರುತ್ತಾ?"

"ಬರಲ್ಲ." ಅಜ್ಜಿ ಇನ್ನೊಂದು ಹೆಂಟೆ ಎಳೆದು ಕೆಡವಿದಳು. "ಪಕ್ಕದ್ಮನೆಯವ್ಳು ತುಂಬು ಬಸುರಿ."

ಮೇಸ್ತ್ರಿ ರಟ್ಟೆ ಹಿಡಿದು ಜಗ್ಗಿದ. ಅಜ್ಜಿ ಕೆಸರಿಗೆ ಬಿದ್ದಳು, ಗುದ್ದಲಿ ಕೈಜಾರಿತು. ಆಗ ಮಗಳು ಕಾಲುವೆಗೆ ಇಳಿದು ಬಂದಳು. ಅವ್ವನನ್ನು ಎತ್ತಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಗುದ್ದಲಿ ಹೆಕ್ಕಿಕೊಂಡು, ಅವ್ವ ಬಿಟ್ಟಲ್ಲಿಂದ ಮಣ್ಣು ಎಳೆಯತೊಡಗಿದಳು.