ಭೀಮೆಯ ದಂಡೆಯ ಆಮೆಮರಿಗಳು

ಆಮೆಗಳ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರ್ ಆಗುತ್ತೇನೆಂದು ಮಧುಮತಿ ಹೇಳಿದ ದಿನ ಸರಸಂಬಾ ಊರಿನ ಅವರ ಓಣಿಯೆಲ್ಲ ನಕ್ಕಿತ್ತು. ಕೂಲಿ ಮಾಡಿ ಮಗಳನ್ನು ಕಲಬುರಗಿಯ ತನಕ ಓದಿಸಿದ ಮಲ್ಕಮ್ಮ ಮಾತ್ರ ನಗದೆ ಕೇಳಿದ್ದಳು: “ಆಮಿ ಡಾಕ್ಟರ್ ಅಂದ್ರ ಆಮಿಗೆ ಸೂಜಿ ಮಾಡ್ತಿಯೇನಬೇ?”

“ಇಲ್ಲವ್ವಾ. ಅವು ಎಲ್ಲಿರ್ತಾವ, ಹ್ಯಾಂಗ ಬದುಕ್ತಾವ ಅಂತ ನೋಡ್ತೇನಿ.”

“ನೋಡು. ಆದ್ರ ಹೊತ್ತಿಗೆ ಸರಿಯಾಗಿ ಉಣ್ಣು.”

ಉತ್ತರ ಭಾರತದ ಚಂಬಲ್ ನದಿಯ ದಂಡೆಯಲ್ಲಿ ಆಮೆಗಳ ಹಿಂದೆ ವರ್ಷಗಟ್ಟಲೆ ದುಡಿದು, ನಿಜವಾಗಿಯೂ ಡಾಕ್ಟರ್ ಆಗಿ, ಮಧುಮತಿ ತನ್ನ ಜಿಲ್ಲೆಗೇ ಮರಳಿದಳು. ಭೀಮೆಯಲ್ಲಿ ಮೆತ್ತನೆ ಚಿಪ್ಪಿನ ದೊಡ್ಡ ಆಮೆಗಳಿರುವುದು ಎಲ್ಲರಿಗೂ ಗೊತ್ತಿತ್ತು. ಅವು ಮೊಟ್ಟೆಯಿಡುವ ಜಾಗ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಫಜಲಪುರ ತಾಲ್ಲೂಕಿನ ನದಿದಂಡೆಯ ಒಂದು ಹಳ್ಳಿಯಲ್ಲಿ, ಮೀನು ಹಿಡಿದು ಬದುಕುವ ನಿಂಬೆವ್ವ ತನ್ನ ಮನೆಯ ಒಂದು ಕೋಣೆ ಬಿಟ್ಟುಕೊಟ್ಟಳು. ಮಧುಮತಿ ದಿನವೂ ದಂಡೆ ಸುತ್ತಿದಳು. ಸಿಕ್ಕಿದ್ದೆಲ್ಲ ನಾಯಿ, ನರಿ ಬಗೆದು ತಿಂದುಬಿಟ್ಟ ಮೊಟ್ಟೆಯೋಡುಗಳೇ.

ಕಡೆಗೊಂದು ಬೇಸಿಗೆಯಲ್ಲಿ, ಹೊಳೆಯ ಉಸುಕಿನ ದಿಬ್ಬದ ಮೇಲೆ, ಯಾರೂ ಮುಟ್ಟದ ಗೂಡೊಂದು ಕಣ್ಣಿಗೆ ಬಿತ್ತು. ನಿಂಬೆವ್ವನಿಗೆ ಹೇಳಲೆಂದು ಖುಷಿಯಲ್ಲಿ ಓಡಿದವಳು ದಂಡೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು.

ಪಟ್ಟಿ ಹಾಕಿಸಿಕೊಂಡು ಕೋಣೆಯಲ್ಲಿ ಬಿದ್ದಿದ್ದಾಗಲೇ ಒಂದು ಬೆಳಿಗ್ಗೆ ಆಟೋದ ಮೈಕು ಕೂಗುತ್ತ ಬಂತು. ಮೇಲುಭಾಗದಲ್ಲಿ ಅಕಾಲದ ಮಳೆ ಸುರಿದಿದೆ, ಅಣೆಕಟ್ಟಿನಿಂದ ನದಿಗೆ ನೀರು ಬಿಡುತ್ತಾರೆ, ದಂಡೆಗೆ ಯಾರೂ ಇಳಿಯಬೇಡಿ. ಸಂಜೆಯೊಳಗೆ ದಿಬ್ಬ ಮುಳುಗುತ್ತದೆ. ಮಧುಮತಿ ಗೋಡೆ ಹಿಡಿದು ಎದ್ದು ನಿಂತಳು, ಕಾಲಿನ ನೋವಿಗೆ ಮತ್ತೆ ಕುಸಿದಳು.

“ಕೂಡು, ತಂಗಿ,” ಎಂದಳು ನಿಂಬೆವ್ವ. “ನೀರು ಇನ್ನೂ ದೂರ ಅದ. ಏನ್ ಮಾಡಬೇಕು ಹೇಳು, ನಾವ್ ಮಾಡ್ತೇವಿ.”

ಅರಣ್ಯ ಇಲಾಖೆಯವರು ಮೊಟ್ಟೆ ಸ್ಥಳಾಂತರಿಸಲು ಫೋನಿನಲ್ಲೇ ಒಪ್ಪಿದರು. ಆದರೆ ಎತ್ತರದ ಜಾಗ? ದಿಬ್ಬದ ಮೇಲುಗಡೆಯ ಕಬ್ಬಿನ ಹೊಲ ಊರಿನ ದೊಡ್ಡ ಜಮೀನುದಾರ ಬಸವಂತರಾಯರದು. ಅಂಥವರನ್ನು ಕೇಳಲು ಕೂಲಿಯವಳ ಮಗಳಾದ ಮಧುಮತಿ ಹಿಂದೆಮುಂದೆ ನೋಡುತ್ತಿದ್ದಳು. ನಿಂಬೆವ್ವನಿಂದ ಸುದ್ದಿ ತಿಳಿದು ಅವರೇ ಟ್ರ್ಯಾಕ್ಟರ್ ತಂದು ಬಾಗಿಲಿಗೆ ನಿಲ್ಲಿಸಿದರು.

“ಏರ್ರಿ ಮೇಡಂ. ಪಂಪಿನ ಹತ್ತಿರ ಉಸುಕಿನ ಜಾಗ ಅದ. ನೀರು ಅಲ್ಲಿತನಕ ಎಂದೂ ಬಂದಿಲ್ಲ.”

ಹೆಂಗಸರು ಅವಳನ್ನು ಎತ್ತಿ ಟ್ರೇಲರಿನಲ್ಲಿ ಕೂರಿಸಿದರು. ದಂಡೆಯ ಮೇಲೆ ನಿಂತ ಟ್ರ್ಯಾಕ್ಟರಿನಿಂದ ಅವಳು ಕೂಗಿ ಹೇಳುತ್ತಿದ್ದಳು, ನಿಂಬೆವ್ವ ಮತ್ತು ಅವಳ ಓರಗಿತ್ತಿಯರು ಕೆಳಗೆ ಬೆರಳಿನಿಂದ ಉಸುಕು ಸರಿಸುತ್ತಿದ್ದರು. ಗೋಲಿಯಂತೆ ದುಂಡಗಿನ ಬಿಳಿ ಮೊಟ್ಟೆಗಳು.

“ಅಕ್ಕಾ, ತಿರುಗಿಸಬ್ಯಾಡ್ರಿ! ಒಳಗಿನ ಮರಿ ಮೇಲಿನ ಓಡಿಗೆ ಅಂಟಿರ್ತದ, ತಿರುಗಿದ್ರ ಸಾಯ್ತದ. ಪೆನ್ಸಿಲ್‌ಲೆ ಮ್ಯಾಲ ಗುರ್ತು ಮಾಡ್ರಿ!”

“ಬೊಟ್ಟಿಟ್ಟಂಗ ಇಡ್ತೇನಿ ತಗೋ,” ಎಂದು ನಿಂಬೆವ್ವ ಕೂಗಿದಳು. ಹೆಂಗಸರೆಲ್ಲ ನಕ್ಕರು. ನಗುತ್ತಲೇ, ಹಸುಗೂಸನ್ನು ಮಲಗಿಸುವಂತೆ, ಒಂದೊಂದನ್ನೂ ಉಸುಕು ತುಂಬಿದ ಬುಟ್ಟಿಯಲ್ಲಿಟ್ಟರು. ಪಂಪಿನ ಬಳಿ ಅಷ್ಟೇ ಆಳದ ಗುಂಡಿ ತೋಡಿ ಹೂತರು. ಬಸವಂತರಾಯರು ಸುತ್ತ ಜಾಲರಿ ಬಿಗಿದರು. ಬಿಸಿಲು ಇಳಿಯುವ ಹೊತ್ತಿಗೆ ದಿಬ್ಬ ನೀರಿನಡಿ ಹೋಯಿತು. ಹೆಂಗಸರ ಸೀರೆಯಂಚು ಕೆಸರಾಗಿತ್ತು. ಯಾರೂ ಮಧುಮತಿಯಿಂದ ಒಂದು ಒಳ್ಳೆಯ ಮಾತಿಗೂ ಕಾಯದೆ ಅಡುಗೆಗೆ ಹೊತ್ತಾಯಿತೆಂದು ಹೊರಟರು. ಅವಳು ಟ್ರೇಲರಿನಿಂದಲೇ ಅವರತ್ತ ಕೈಮುಗಿದಳು.

ಮುಂಗಾರು ಹಿಡಿದು ಹೊಳೆ ತುಂಬಿ ಇಳಿದ ಮೇಲೆ, ಒಂದು ಮುಂಜಾನೆ ಜಾಲರಿಯೊಳಗಿನ ಉಸುಕು ಅಲುಗಿತು. ಮಗಳನ್ನು ನೋಡಲು ಸರಸಂಬಾದಿಂದ ಬಂದಿದ್ದ ಮಲ್ಕಮ್ಮ ಆ ದಿನ ಅಲ್ಲೇ ಇದ್ದಳು. ಅವಳು ಹೊಲದ ಬದುವಿನಾಚೆಯೇ ನಿಂತಿದ್ದನ್ನು ಕಂಡು ಬಸವಂತರಾಯರು ತಾವು ಕೂತಿದ್ದ ಹೊರಸಿನಿಂದ ಎದ್ದರು.

“ಒಳಗ ಬರ್ರಿ, ಅವ್ವಾರ. ಇಲ್ಲಿ ಕೂಡ್ರಿ. ನಿಮ್ಮ ಮಗಳ ಕೆಲಸ ಹತ್ತಿರದಿಂದ ನೋಡ್ರಿ.”

ಮಲ್ಕಮ್ಮ ಬಂದು ಕೂತಳು. ಕಾಲು ವಾಸಿಯಾಗಿ ಓಡಾಡುತ್ತಿದ್ದ ಮಧುಮತಿ ಒಂದು ಮರಿಯನ್ನು ತಾಯಿಯ ಅಂಗೈಯಲ್ಲಿಟ್ಟಳು. ಅದರ ಬೆನ್ನ ಮೇಲೆ ಕಣ್ಣಿನಂಥ ಮಚ್ಚೆಗಳಿದ್ದವು. ಎಲ್ಲ ಮೊಟ್ಟೆಗಳೂ ಒಡೆದಿರಲಿಲ್ಲ, ಕೆಲವು ಕೆಟ್ಟಿದ್ದವು. ಆದರೂ ಬುಟ್ಟಿ ತುಂಬ ಮರಿಗಳು ಹರಿದಾಡುತ್ತಿದ್ದವು.

“ಇಷ್ಟ್ ಸಣ್ಣದ್ರ ಸಲುವಾಗಿ ಇಷ್ಟು ವರ್ಷ ಬೇಕಾತೇನು!” ಎಂದ ಮಲ್ಕಮ್ಮ ನಿಂಬೆವ್ವನತ್ತ ತಿರುಗಿದಳು. “ನನ್ನ ಮಗಳನ್ನ ನೀವ್ ಕಾದ್ರಿ, ಅವ್ವಾ.”

“ಅಕಿ ನಮ್ಮನಿ ಹುಡುಗಿನೇ,” ಎಂದು ನಿಂಬೆವ್ವ ಬುಟ್ಟಿ ಎತ್ತಿದಳು.

ತಿಳಿನೀರಿನ ಅಂಚಿನಲ್ಲಿ ಮರಿಗಳನ್ನು ಬಿಟ್ಟರು. ಒಂದೊಂದಾಗಿ ಕಣ್ಮರೆಯಾದವು. ಪುಸ್ತಕ, ಪದವಿ, ಚಂಬಲ್ಲಿನ ಬಿಸಿಲು ಎಲ್ಲವೂ ತನ್ನನ್ನು ಈ ಜನರ ನಡುವೆ ತಂದು ನಿಲ್ಲಿಸಿದವಲ್ಲ ಎಂದು ಮಧುಮತಿ ನೆನೆದಳು. ನಿಂಬೆವ್ವನ ಒದ್ದೆ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಬಸವಂತರಾಯರು ಫೋನಿನಲ್ಲಿ ಮಾತು ಮುಗಿಸಿ ಹತ್ತಿರ ಬಂದರು. “ಮೇಡಂ, ಜೇವರ್ಗಿ ಕಡೆ ನಮ್ಮ ಬೀಗರಿದ್ದಾರ. ಅವರ ಹೊಲದಂಚಿಗೆ ಹಿಂಥಾದೇ ದೊಡ್ಡ ಆಮಿ ಮೊಟ್ಟಿ ಇಡಾಕ ಉಸುಕು ಬಗಿಯಾಕತ್ತದಂತ.”

“ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳ್ರಿ! ಈಗೇ ಹೊಂಟೆ.”

ಮಲ್ಕಮ್ಮ ಸೆರಗು ಸಿಕ್ಕಿಸಿಕೊಂಡಳು. “ತಡಿಯಬೇ, ನಾನೂ ಬರ್ತೇನಿ.”